ಶನಿವಾರದ ನೀಲಿ

ನಮ್ಮ ಅಂಗಡಿಯ ಗೋಡೆಗೆ ಒಂದು ಬೋರ್ಡು ತೂಗುಹಾಕಿದೆ: 'ಬಣ್ಣ ಊರಲ್ಲಿ ಇಲ್ಲದಾಗ ಬಣ್ಣದ ರಿಪೇರಿ ಮಾಡಲಾಗುವುದಿಲ್ಲ.' ಅದನ್ನು ಬರೆದವರು ಹಾಲಸ್ವಾಮಿ ಮೇಷ್ಟ್ರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಟೀವಿ ರಿಪೇರಿ ಮಾಡುವವರು. ಆದರೆ ಕೆಟ್ಟ ಟೀವಿ ತಂದವರಿಗೆ ಕಾಲು ಗಂಟೆ ಪಾಠ ಹೇಳದೆ ಸ್ಕ್ರೂ ಬಿಚ್ಚುವುದಿಲ್ಲವಾದ್ದರಿಂದ ಊರು ಅವರಿಗೆ ಆ ಹೆಸರು ಕೊಟ್ಟಿದೆ. ಬೋರ್ಡಿನ ಕೆಳಗೆ ವೇಳಾಪಟ್ಟಿಯೂ ಇದೆ. ಸೋಮವಾರ ಮಧ್ಯಾಹ್ನ ಹನ್ನೆರಡರಿಂದ ಮಂಗಳವಾರ ಹನ್ನೆರಡರವರೆಗೆ ಕೆಂಪು ಇರುವುದಿಲ್ಲ. ಬುಧವಾರದಿಂದ ಗುರುವಾರದವರೆಗೆ ಹಸಿರು. ಶುಕ್ರವಾರದಿಂದ ಶನಿವಾರದವರೆಗೆ ನೀಲಿ. ಭಾನುವಾರ ಮೂರೂ ಊರಲ್ಲೇ ಇರುತ್ತವೆ, ಆದರೆ ಅವತ್ತು ಅಂಗಡಿಗೇ ರಜೆ.

ಹೊರಗಿನಿಂದ ಬಂದ ನೆಂಟರು ಇದಕ್ಕೆಲ್ಲ ಬಾಯಿ ಬಿಟ್ಟು ನೋಡುತ್ತಾರೆ. ನಮಗೇನೂ ಅನ್ನಿಸುವುದಿಲ್ಲ. ಮಂಗಳವಾರ ಬೆಳಿಗ್ಗೆ ಟೊಮೆಟೊ ಮಾರುವವಳು ಹಣ್ಣನ್ನು ಒತ್ತಿ ನೋಡಲು ಬಿಡುತ್ತಾಳೆ, ಮಿಕ್ಕ ದಿನ ಒತ್ತಿದರೆ ಕೈಗೆ ಹೊಡೆಯುತ್ತಾಳೆ. ಗುರುವಾರ ಬೆಳಿಗ್ಗೆ ವೀಳ್ಯದೆಲೆ ಕಾಗದದ ಹಾಗೆ ಕಾಣುತ್ತದೆ, ಹಾಗಂತ ಯಾರೂ ಎಲೆ ಅಡಿಕೆ ಬಿಟ್ಟಿಲ್ಲ. ಶನಿವಾರದ ಬೆಳಗಿನ ಶಾಲೆಯಲ್ಲಿ ನೀಲಿ ಸಮವಸ್ತ್ರ ಹಾಕದೆ ಬಂದ ಮಕ್ಕಳು ಸಿಕ್ಕಿಬೀಳುವುದಿಲ್ಲ. ಪುರಸಭೆಯ ಮಾಳಿಗೆಯ ಮೇಲೆ ಮೂರು ಬಣ್ಣದ ಮೂರು ಬಟ್ಟೆ ಕಟ್ಟಿದ್ದಾರೆ. ಅಲ್ಲಿ ಕೂತಿರುವ ರುದ್ರಯ್ಯ ಗಡಿಯಾರ ನೋಡುವುದಿಲ್ಲ, ಬಟ್ಟೆ ನೋಡುತ್ತಾನೆ. ಬಣ್ಣ ಹೋದದ್ದನ್ನೋ ಬಂದದ್ದನ್ನೋ ಕಣ್ಣಾರೆ ಕಂಡ ಮೇಲೆ ಸೈರನ್ನಿನ ಗುಂಡಿ ಒತ್ತುತ್ತಾನೆ. ಹಾಗಾಗಿ ನಮ್ಮೂರಿನ ಸೈರನ್ ಯಾವಾಗಲೂ ಬಣ್ಣಕ್ಕಿಂತ ಒಂದು ಉಸಿರು ಹಿಂದೆ.

ನಾನು ದೇವೀರಮ್ಮ. ಒಂಬತ್ತು ವರ್ಷದ ಹಿಂದೆ, ನಾನು ಕೆಲಸ ಮಾಡುತ್ತಿದ್ದ ನೂಲಿನ ಕಾರ್ಖಾನೆ ಮುಚ್ಚಿದ ವಾರವೇ ನನ್ನ ಟೀವಿಯೂ ಕೆಟ್ಟಿತು. ಮಾತು ಕೇಳುತ್ತಿತ್ತು, ಚಿತ್ರ ಇರಲಿಲ್ಲ. ಅದನ್ನು ಸೆರಗಲ್ಲಿ ಸುತ್ತಿ ಮೇಷ್ಟ್ರ ಅಂಗಡಿಗೆ ಹೊತ್ತು ತಂದೆ. ಅವರು ನನ್ನ ಕೈಗೆ ಟಾರ್ಚು ಕೊಟ್ಟು, ಪರದೆಗೆ ಓರೆಯಾಗಿ ಹಿಡಿ ಎಂದರು. ಹಿಡಿದು ನೋಡಿದರೆ ಕತ್ತಲೆಯೊಳಗೆ ಧಾರಾವಾಹಿಯ ಅತ್ತೆ ಮಸುಕಾಗಿ ಕೂಗಾಡುತ್ತಿದ್ದಳು. "ಚಿತ್ರ ಐತೆ ನೋಡವ್ವ, ಹಿಂದಿನ ದೀಪ ಸತ್ತೈತೆ ಅಷ್ಟೆ," ಎಂದರು ಮೇಷ್ಟ್ರು. "ದೀಪ ಹೋದ್ರೆ ಬದಲಾಯಿಸ್ಬೌದು. ಪರದೆ ಹೋದ್ರೆ ಮಾತ್ರ ಕೈ ಮುಗಿದು ಮನೆಗೆ ಕಳಿಸೋದೇ." ನಾನು ಸುಮ್ಮನಿರುವವಳಲ್ಲ. ದೀಪವೇ ಸತ್ತಿದೆ ಅಂತ ಹೇಗೆ ಹೇಳ್ತೀರಿ, ದೀಪಕ್ಕೆ ಕರೆಂಟು ಬರದೇ ಇರಬಹುದಲ್ಲ ಎಂದೆ. ಅವರು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು. "ನಾಳೆಯಿಂದ ಕೆಲಸಕ್ಕೆ ಬಾ," ಎಂದರು.

ಮೇಷ್ಟ್ರ ಪಾಠ ದೊಡ್ಡದೇನಲ್ಲ. ಚಿತ್ರದಲ್ಲಿ ಗೆರೆ ಬಂದರೆ ಪರದೆಯ ಅಂಚನ್ನು ಮೆಲ್ಲಗೆ ಒತ್ತಿ ನೋಡು, ಗೆರೆ ಅಲುಗಿದರೆ ವೈರಿನ ಪಟ್ಟಿ ಸಡಿಲವಾಗಿದೆ. ಬಣ್ಣ ಕೆಟ್ಟರೆ ಕೆಂಪು, ಹಸಿರು, ನೀಲಿ, ಬಿಳಿ ಎಂಬ ನಾಲ್ಕು ಖಾಲಿ ಪುಟಗಳನ್ನು ಒಂದೊಂದಾಗಿ ಪರದೆಯ ಮೇಲೆ ಹಾಕಿ ನೋಡು. ಆಮೇಲೆ ಅನುಮಾನ ಬಂದ ಭಾಗಗಳನ್ನು ಬದಲಾಯಿಸುತ್ತಾ ಹೋಗು, ಆದರೆ ಒಂದು ಸಲಕ್ಕೆ ಒಂದೇ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಟ್ಟಿತ್ತು ಅಂತ ದೇವರಿಗೂ ಗೊತ್ತಾಗುವುದಿಲ್ಲ. "ಎಲ್ಲಾ ಬದಲಾಯಿಸಿದ ಮೇಲೂ ರೋಗ ಉಳೀತಾ? ಹಂಗಾದ್ರೆ ಬದಲಾಯಿಸದೆ ಯಾವುದು ಉಳೀತೋ ಅದೇ ರೋಗಿ," ಎನ್ನುತ್ತಿದ್ದರು. ಈ ಮಾತನ್ನು ನಾನು ಒಂಬತ್ತು ವರ್ಷದಲ್ಲಿ ಒಂಬೈನೂರು ಸಲ ಕೇಳಿ ಬೇಸತ್ತಿದ್ದೆ.

ಈ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ರಿಪೇರಿಯಾಗಿ ಹೋದ ಟೀವಿಗಳು ಮರಳಿ ಬರತೊಡಗಿದವು. ಮೊದಲು ಬಂದವಳು ಎದುರಿನ ಖಾನಾವಳಿಯ ಕೊಟ್ರಮ್ಮ. "ಮೇಷ್ಟ್ರೇ, ಟೀವೀಲಿ ಅನ್ನ ನೀಲಿ ಕಾಣ್ತೈತೆ. ಉಣ್ಣಾಕ್ ಕುಂತೋರು ಅದನ್ನ ನೋಡಿ ತಮ್ಮ ತಟ್ಟೆ ನೋಡ್ಕೊಂತಾರೆ," ಎಂದಳು. ಮೇಷ್ಟ್ರು ಟೀವಿ ಹಚ್ಚಿದರು, ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದರು. "ಇದಕ್ಕಿಂತ ಬೆಳ್ಳಗಿರೋ ಅನ್ನ ನೀನು ಬೇಯ್ಸಿದ್ದೀಯೇನೇ? ಸರಿಯಾಗೇ ಐತೆ, ತಗೊಂಡೋಗು," ಎಂದರು. ನನಗೆ ನೀಲಿಯಾಗೇ ಕಂಡಿತು. ಆದರೆ ಗಿರಾಕಿಯ ಮುಂದೆ ಅವರ ಮಾತಿಗೆ ಎದುರಾಡಲು ಬಾಯಿ ಬರಲಿಲ್ಲ. ಕೊಟ್ರಮ್ಮನೂ ಜಗಳ ಮಾಡಲಿಲ್ಲ. ರಜೆ ಮುಗಿಸಿ ಬಂದ ನೀಲಿಗೆ ಈಚೆಗೆ ಹುರುಪು ಜಾಸ್ತಿಯಾಗಿದೆ, ತಾನೇ ಇಳಿಯುತ್ತದೆ ಎಂದುಕೊಂಡು ಹೋದಳು. ಊರೆಲ್ಲ ಹಾಗೇ ಅಂದುಕೊಂಡಿತು. ಬೇರೆ ಊರಾಗಿದ್ದರೆ ಮೂರನೇ ಟೀವಿಗೇ ಗಲಾಟೆಯಾಗುತ್ತಿತ್ತು. ನಮ್ಮೂರವರು ಬಣ್ಣದ ತಪ್ಪನ್ನು ಬಣ್ಣದ ಮೇಲೇ ಹಾಕಿ, ಹನ್ನೊಂದು ಮನೆಯಲ್ಲಿ ನೀಲಿ ಮುಖದ ವಾರ್ತೆ ನೋಡುತ್ತಾ ಕೂತರು.

ನಾನು ಮಾತ್ರ ಮರಳಿ ಬಂದ ಟೀವಿಗಳ ಸೆಟ್ಟಿಂಗು ತೆಗೆದು ನೋಡಿದೆ. ಎಲ್ಲದರಲ್ಲೂ ನೀಲಿಯನ್ನು ಕೊನೆಯವರೆಗೆ ಏರಿಸಿಟ್ಟಿತ್ತು. ಮೇಷ್ಟ್ರು ಚಹಾಕ್ಕೆ ಹೋದಾಗ ಒಂದರಲ್ಲಿ ಇಳಿಸಿಟ್ಟೆ. ಬಂದವರೇ ಪರದೆ ನೋಡಿ ಸಿಡುಕಿದರು. "ಯಾರೇ ಇದರ ನೀಲಿ ಕೊಂದಿದ್ದು? ಬಿಳಿ ಪುಟ ಅರಿಶಿನ ಬಳಕೊಂಡಂಗೈತೆ, ಕಾಣಲ್ವಾ ನಿಂಗೆ?" ನನಗೆ ಬಿಳಿ ಬಿಳಿಯಾಗೇ ಕಾಣುತ್ತಿತ್ತು. ಹಾಗೆಂದು ಹೇಳಿದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ನಾವಿಬ್ಬರೂ ಗಂಟಲು ಏರಿಸಿ ಜಗಳವಾಡಿದೆವು. ಹಿಂದಿನ ದೀಪದ ಪಟ್ಟಿಗಳೇ ಹಳದಿಯಾಗಿ ಬರುತ್ತಿವೆ ಎಂದು ಅವರು ಹಟ ಹಿಡಿದರು. ಸರಿ, ಪಟ್ಟಿ ಬದಲಾಯಿಸಿದೆವು. ಅವರಿಗೆ ಆಗಲೂ ಹಳದಿ. ಒಳಗಿನ ಬೋರ್ಡು ಬದಲಾಯಿಸಿದೆವು, ಹಳದಿ. ವೈರಿನ ಪಟ್ಟಿ ಬದಲಾಯಿಸಿದೆವು, ಹಳದಿ. ಕೊನೆಗೆ ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಹೊಸ ಟೀವಿ ಹಚ್ಚಿದೆವು. ಅದೂ ಹಳದಿ ಎಂದರು. "ಕಂಪನಿಯೋರೇ ಕೆಟ್ಟೋದ್ರು," ಎಂದು ಗೊಣಗಿ, ಹೊಸದರ ನೀಲಿಯನ್ನೂ ಏರಿಸಿದರು.

ಆ ಶುಕ್ರವಾರ ಹನ್ನೆರಡು ಹೊಡೆಯುವ ಮೊದಲೇ ಊರಿನ ಕರೆಂಟು ಹೋಯಿತು. ಅಂಗಡಿಗೆ ಬ್ಯಾಟರಿ ಇದ್ದದ್ದರಿಂದ ನಮ್ಮ ಕೆಲಸ ನಿಲ್ಲಲಿಲ್ಲ. ಮೇಷ್ಟ್ರು ನೀಲಿ ಪುಟ ಹಾಕಿಕೊಂಡು, ಮೂಗು ಪರದೆಗೆ ತಾಗುವಷ್ಟು ಹತ್ತಿರ ಕೂತು ರಿಮೋಟು ಒತ್ತುತ್ತಿದ್ದರು. ನಾನು ಬಾಗಿಲ ಬಳಿ ಬೆಸುಗೆ ಹಾಕುತ್ತಿದ್ದೆ. ತಲೆಯೆತ್ತಿದಾಗ ಕೊಟ್ರಮ್ಮನ ಖಾನಾವಳಿಯ ಮುಂದಿನ ನೀಲಿ ನೀರಿನ ಡ್ರಮ್ಮು ಬೂದಿಯಾಗಿತ್ತು. ಆಕಾಶವೂ ಬೂದಿಯಾಗಿತ್ತು. ಕರೆಂಟು ಇಲ್ಲದ್ದಕ್ಕೆ ರುದ್ರಯ್ಯನ ಸೈರನ್ ಕೂಗಿರಲಿಲ್ಲ, ಆದರೂ ಬೀದಿಯಲ್ಲಿ ಹೋಗುವವರೆಲ್ಲ ಒಮ್ಮೆ ಮೇಲೆ ನೋಡಿ, 'ಹೋಯ್ತು' ಎಂದು ತಮ್ಮ ಪಾಡಿಗೆ ನಡೆದರು. ನಾನು ಒಳಗೆ ತಿರುಗಿದೆ. ಪರದೆಯ ಮೇಲೆ ನೀಲಿ ಇರಲಿಲ್ಲ, ಬರೀ ಬೂದಿ ಇತ್ತು. ಮೇಷ್ಟ್ರು ಆ ಬೂದಿಯ ಮುಂದೆ ಕೂತು ನೀಲಿಯನ್ನು ತಿದ್ದುತ್ತಲೇ ಇದ್ದರು. ಕಾಲು ಗಂಟೆ ತಿದ್ದಿದರು. "ಈಗ ಪರವಾಗಿಲ್ಲ ನೋಡು, ದಾರಿಗೆ ಬಂತು," ಎಂದರು.

ಅವರ ತಲೆಯ ಮೇಲೆಯೇ ಅವರ ಬೋರ್ಡು ತೂಗುತ್ತಿತ್ತು. ಇಷ್ಟು ದಿನ ಅವರು ಸೈರನ್ ಕೇಳಿ ರಿಮೋಟು ಕೆಳಗಿಡುತ್ತಿದ್ದರು. ನೀಲಿ ಹೋದದ್ದು, ಬಂದದ್ದು ಅವರಿಗೆ ಕಿವಿಯಿಂದ ತಿಳಿಯುತ್ತಿತ್ತೇ ಹೊರತು ಕಣ್ಣಿನಿಂದಲ್ಲ. ದೀಪದ ಪಟ್ಟಿ ಬದಲಾಯಿಸಿದ್ದೆವು, ಒಳಗಿನ ಬೋರ್ಡು ಬದಲಾಯಿಸಿದ್ದೆವು, ಟೀವಿಯನ್ನೇ ಬದಲಾಯಿಸಿದ್ದೆವು. ಒಂಬೈನೂರು ಸಲ ಕೇಳಿದ ಪಾಠ ನನಗೆ ಆಗ ಮೊದಲ ಸಲ ಅರ್ಥವಾಯಿತು. ನಾನು ಅವರನ್ನು ಮನಸ್ಸಿನಲ್ಲೇ ಎಷ್ಟು ಬೈದುಕೊಂಡಿದ್ದೆ ಎಂದು ನೆನೆದು ನಾಚಿಕೆಯಾಯಿತು.

ಟಾರ್ಚು ತೆಗೆದುಕೊಂಡು ಅವರ ಮುಂದೆ ಕೂತೆ. "ಮೇಷ್ಟ್ರೇ, ಸ್ವಲ್ಪ ಇತ್ತ ತಿರುಗ್ರಿ," ಎಂದು ಅವರ ಕಣ್ಣಿಗೆ ಓರೆಯಾಗಿ ಬೆಳಕು ಹಿಡಿದೆ. ಕಪ್ಪಿರಬೇಕಾದ ಪಾಪೆಯೊಳಗೆ ಬೆಲ್ಲದ ಪಾಕದ ಬಣ್ಣ ಕಂಡಿತು. ಎರಡು ಕಣ್ಣಲ್ಲೂ ಇತ್ತು.

"ಏನೇ ಇದು? ನಾನೇನು ಟೀವಿಯಾ?" ಎಂದು ಕೈ ತಳ್ಳಿದರು.

"ಈಗ ಪರದೆ ಮೇಲೆ ಯಾವ ಬಣ್ಣ ಐತೆ?"

"ನೀಲಿ. ಇನ್ನೇನು?"

"ನೀಲಿ ಹೋಗಿ ಕಾಲು ಗಂಟೆ ಆತು ಮೇಷ್ಟ್ರೇ. ಕರೆಂಟಿಲ್ಲ, ಸೈರನ್ ಕೂಗಿಲ್ಲ ಅಷ್ಟೆ."

ಮೇಷ್ಟ್ರು ಎದ್ದು ಬಾಗಿಲಿಗೆ ಹೋದರು. ಕೊಟ್ರಮ್ಮನ ಡ್ರಮ್ಮನ್ನು ನೋಡಿದರು, ಆಕಾಶವನ್ನು ನೋಡಿದರು. ಕೊಟ್ರಮ್ಮನನ್ನು ಕೂಗಿ, ಇವತ್ತು ನೀಲಿ ಹೋಯ್ತೇನವ್ವ ಎಂದು ಕೇಳಿದರು. ಅವಳು ನಕ್ಕು, ಆಗಲೇ ಹೋಯ್ತಲ್ಲ ಮೇಷ್ಟ್ರೇ ಎಂದಳು. ಅವರು ಮರಳಿ ಬಂದು ಕುರ್ಚಿಯಲ್ಲಿ ಕೂತು ರಿಮೋಟನ್ನು ಮೇಜಿನ ಮೇಲೆ ಬೋರಲು ಹಾಕಿದರು.

"ನಮ್ಮವ್ವಂಗೂ ಹಿಂಗೇ ಆಗಿತ್ತು," ಎಂದರು. "ಮೊದ್ಲು ನೀಲಿ ಬರಲಿಲ್ಲ ಅಂದ್ಲು. ಬರ್ತೈತೆ ಬಿಡವ್ವ ಅಂದ್ವಿ. ಆಮೇಲೆ ಹಸಿರೂ ಬರಲಿಲ್ಲ ಅಂದ್ಲು. ಈ ಊರಾಗೆ ಅದಕ್ಕೆ ಯಾರು ತಲೆ ಕೆಡಿಸ್ಕೊಂತಾರೆ? ಸೈರನ್ ಕೂಗಿದಾಗೆಲ್ಲ ಜಗಲೀಗೆ ಬಂದು ಕೂರೋಳು, ಬಣ್ಣ ಬರ್ತಾವೆ ಅಂತ. ಪೂರ್ತಿ ಕುರುಡಿ ಆದ ಮೇಲೂ ಕೂರೋಳು." ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ದೇವೀರಿ, ಇದು ದೀಪನಾ, ಪರದೆನಾ?"

ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ. ಗೊತ್ತಿಲ್ಲ ಎಂದೆ. ಆದರೆ ಜಗಲಿ ಮೇಲೆ ಕೂತು ಕಾಯಲು ಬಿಡುವುದಿಲ್ಲ, ನಾಳೆ ಬೆಳಿಗ್ಗೆ ನನ್ನ ಜೊತೆ ಕಣ್ಣಿನ ಆಸ್ಪತ್ರೆಗೆ ಬರಲೇಬೇಕು ಎಂದೆ. ಬರುವುದಿಲ್ಲ ಎಂದರು. ಹಾಗಾದರೆ ನಾಳೆಯಿಂದ ಕೆಲಸಕ್ಕೆ ನಾನೂ ಬರುವುದಿಲ್ಲ ಎಂದೆ. ಬಂದರು.

ನಮ್ಮೂರ ಕಣ್ಣಿನ ಡಾಕ್ಟರು ಮೆಹರುನ್ನೀಸಾ. ಮೇಷ್ಟ್ರ ಗಲ್ಲವನ್ನು ಯಂತ್ರದ ಮೇಲೆ ಇಡಿಸಿ ಬಹಳ ಹೊತ್ತು ನೋಡಿದರು. "ಈ ಊರಲ್ಲಿ ಎಲ್ಲರೂ ತಡವಾಗೇ ಬರೋದು," ಎಂದರು. "ಬಣ್ಣ ಕಾಣದಿದ್ರೆ ರಜೆ ಅಂದ್ಕೊಂಡು ಮನೇಲಿ ಕೂತಿರ್ತಾರೆ. ಪೊರೆ ತುಂಬಾ ಗಟ್ಟಿಯಾಗಿದೆ ಮೇಷ್ಟ್ರೇ, ಅದೇ ನೀಲಿಯನ್ನ ಒಳಗೆ ಬಿಡ್ತಿಲ್ಲ. ಒಂದೊಂದೇ ಕಣ್ಣಿಗೆ ಆಪರೇಷನ್ ಮಾಡೋಣ. ಹಳೇ ಮಸೂರ ತೆಗೆದು ಹೊಸದು ಹಾಕ್ತೀವಿ. ಕಣ್ಣಿನ ಹಿಂದಿನ ಪರದೆ ಹೇಗಿದೆ ಅನ್ನೋದು ಪೊರೆ ತೆಗೆದ ಮೇಲೇ ಪೂರ್ತಿ ಗೊತ್ತಾಗೋದು." ಅವರು ಧೈರ್ಯವಾಗೇ ಹೇಳಿದರು. ಮೇಷ್ಟ್ರಿಗೆ ಅಷ್ಟೆಲ್ಲದರಲ್ಲಿ ಕೇಳಿಸಿದ್ದು ಪರದೆ ಎಂಬ ಒಂದು ಮಾತು ಮಾತ್ರ.

ಆಪರೇಷನ್ನಿಗೆ ಎರಡು ವಾರ ಕಾಯಬೇಕಿತ್ತು. ಆ ಎರಡು ವಾರ ಮೇಷ್ಟ್ರು ಅಂಗಡಿಗೆ ಬಂದು ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಬಣ್ಣದ ಕೆಲಸ ಮುಟ್ಟಲಿಲ್ಲ. ಗಿರಾಕಿ ಟೀವಿ ತಂದರೆ ನಾನು ಏನು ಕಾಣುತ್ತಿದೆ ಎಂದು ಬಾಯಿಬಿಟ್ಟು ಹೇಳಬೇಕು, ಅವರು ಏನಾಗಿದೆ ಎಂದು ಹೇಳುತ್ತಿದ್ದರು. "ಬಲಗಡೆ ಅರ್ಧ ಕಪ್ಪಾಗೈತೆ," ಎಂದರೆ, "ಅಂಚು ಬಿಸಿ ಐತಾ ಮುಟ್ಟಿ ನೋಡು," ಎನ್ನುವರು. "ಚಿತ್ರ ಎರಡೆರಡು ಕಾಣ್ತೈತೆ," ಎಂದರೆ, "ಪಟ್ಟಿ ಬಿಚ್ಚಿ ಒರೆಸಿ ಹಾಕು," ಎನ್ನುವರು. ಒಂದೂ ತಪ್ಪಾಗಲಿಲ್ಲ. ಸಂಜೆ ಬಾಗಿಲು ಹಾಕುವಾಗ ಮಾತ್ರ ದಿನಾ ಒಂದೇ ಮಾತು: "ಪರದೆ ಹೋಗಿದ್ರೆ ಅಂಗಡಿ ನೀನೇ ನೋಡ್ಕೊ. ಬೋರ್ಡು ಮಾತ್ರ ಇಳಿಸಬ್ಯಾಡ." ನಾನು ದಿನಾ ಬೈದೆ. ಬೈದು ಮನೆಗೆ ಹೋಗುವ ದಾರಿಯಲ್ಲಿ ಅಳುತ್ತಿದ್ದೆ.

ಶುಕ್ರವಾರ ಬೆಳಿಗ್ಗೆ ಎಡಗಣ್ಣಿನ ಆಪರೇಷನ್ ಆಯಿತು. ಶನಿವಾರ ಹತ್ತಕ್ಕೆ ಡಾಕ್ಟರು ಪಟ್ಟಿ ಬಿಚ್ಚಿದರು. ಮೇಷ್ಟ್ರು ಕಣ್ಣು ಪಿಳುಕಿಸಿ, ಗೋಡೆಯ ಮೇಲಿನ ಅಕ್ಷರಗಳನ್ನು ದೊಡ್ಡದರಿಂದ ಸಣ್ಣದರವರೆಗೆ ಓದಿದರು. ನನ್ನ ಕಡೆ ತಿರುಗಿ, "ಯಾವಾಗ ಬಂತೇ ಇಷ್ಟು ಬಿಳಿ ಕೂದಲು?" ಎಂದರು. ಡಾಕ್ಟರು ನಕ್ಕರು. ಒಳಗೆಲ್ಲ ಬೆಳಕು ಹಾಕಿ ನೋಡಿ, ಪರದೆ ಚೆನ್ನಾಗೇ ಇದೆ ಎಂದರು. ನಾನು ಅಲ್ಲೇ ಗೋಡೆಗೆ ಒರಗಿ ನಿಂತೆ. ಆದರೆ ಮೇಷ್ಟ್ರ ಮುಖ ಅರಳಲಿಲ್ಲ. ಡಾಕ್ಟರ ಮೇಜಿನ ಮೇಲೆ ನೀಲಿ ಶಾಯಿಯ ಬಾಟಲಿ ಇತ್ತು. ಅದನ್ನು ತೋರಿಸಿ, "ಇದು ಬೂದಿ ಕಾಣ್ತೈತೆ," ಎಂದರು. ನಮಗೂ ಬೂದಿಯೇ ಕಾಣ್ತಿದೆ, ಹನ್ನೆರಡಾಗಿಲ್ಲವಲ್ಲ ಎಂದೆವು. "ನೀವು ಹಂಗೇ ಅಂತೀರಿ. ನಮ್ಮವ್ವಂಗೂ ಹಂಗೇ ಅಂದಿದ್ವಿ," ಎಂದು ಕರಿಕನ್ನಡಕ ಹಾಕಿಕೊಂಡು ಹೊರಟರು.

ಮನೆಗೆ ಹೋಗೋಣವೆಂದರೆ ಕೇಳಲಿಲ್ಲ. ಆಟೋದಲ್ಲಿ ನೇರ ಅಂಗಡಿಗೇ ಬಂದೆವು. "ಹೊಸ ಟೀವಿ ಹಚ್ಚು. ನೀಲಿ ಪುಟ ಹಾಕು," ಎಂದರು. ಅಂದು ಅವರೇ ಏರಿಸಿಟ್ಟ ಸೆಟ್ಟಿಂಗು ಹಾಗೇ ಇತ್ತು, ನಾನು ಮುಟ್ಟಿರಲಿಲ್ಲ. ಪರದೆಯ ತುಂಬ ಬೂದಿ ಹರಡಿತು. ಮೇಷ್ಟ್ರು ಕುರ್ಚಿಯನ್ನು ಬಾಗಿಲಿಗೂ ಟೀವಿಗೂ ನಡುವೆ ಎಳೆದುಕೊಂಡು ಕೂತರು. ಕೊಟ್ರಮ್ಮ ಮಜ್ಜಿಗೆ ತಂದಿಟ್ಟಳು, ಕುಡಿಯಲಿಲ್ಲ. ಅವಳೂ ಹೋಗದೆ ಬಾಗಿಲಲ್ಲೇ ನಿಂತಳು. ಗೋಡೆಯ ಗಡಿಯಾರ ನೋಡಬಾರದೆಂದು ನಾನು ಸ್ಕ್ರೂಗಳನ್ನು ಗಾತ್ರದ ಪ್ರಕಾರ ಡಬ್ಬಿಗೆ ಹಾಕುತ್ತಾ ಕೂತೆ. ಹನ್ನೆರಡಾಯಿತು. ಏನೂ ಆಗಲಿಲ್ಲ. ನೀಲಿ ಕೆಲವು ಸಲ ಒಂದೆರಡು ನಿಮಿಷ ತಡ ಮಾಡುವುದುಂಟು. ಆದರೆ ಅವತ್ತಿನ ಆ ಎರಡು ನಿಮಿಷಕ್ಕಾಗಿ ನಾನು ಅದನ್ನು ಇವತ್ತಿಗೂ ಕ್ಷಮಿಸಿಲ್ಲ. ಮೇಷ್ಟ್ರು ಕರಿಕನ್ನಡಕ ತೆಗೆದು ಬೀದಿಯ ಕಡೆ ನೋಡುತ್ತಿದ್ದರು.

"ಬಂತು," ಎಂದರು.

ನಾನು ಡಬ್ಬಿಯಿಂದ ತಲೆ ಎತ್ತಿರಲಿಲ್ಲ. ಕೊಟ್ರಮ್ಮ ಅವರ ಮುಖವನ್ನೇ ನೋಡುತ್ತಿದ್ದಳು. ನಮ್ಮಿಬ್ಬರಿಗೂ ಗೊತ್ತಾಗಿರಲಿಲ್ಲ. ನಾವು ಹೊರಗೆ ತಿರುಗುವಷ್ಟರಲ್ಲಿ, ಪುರಸಭೆಯ ಮಾಳಿಗೆಯಿಂದ ರುದ್ರಯ್ಯನ ಸೈರನ್ ಕೂಗಿತು. ಖಾನಾವಳಿಯ ಡ್ರಮ್ಮು ನೀಲಿಯಾಗಿ ನಿಂತಿತ್ತು, ಅದರ ಮೇಲೆ ಆಕಾಶ ಪೂರ್ತಿ ಇತ್ತು. ಸೈರನ್ನಿಗಿಂತ ಮೊದಲು, ಕಿವಿಗಿಂತ ಮೊದಲು, ಮೇಷ್ಟ್ರು ಕಂಡಿದ್ದರು. ಕೊಟ್ರಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು. ನನಗೆ ಏನು ಮಾಡಬೇಕೋ ತಿಳಿಯದೆ ಅವರ ಮಜ್ಜಿಗೆಯನ್ನು ನಾನೇ ಎತ್ತಿ ಕುಡಿದುಬಿಟ್ಟೆ.

ಮೇಷ್ಟ್ರು ಬಹಳ ಹೊತ್ತು ಹೊರಗೇ ನೋಡಿದರು. ನಮ್ಮವ್ವ ಇದಕ್ಕೇ ಕಾದದ್ದು ಎಂದು ತಮಗೇ ಹೇಳಿಕೊಂಡರು. ಆಮೇಲೆ ನಿಧಾನವಾಗಿ ಟೀವಿಯ ಕಡೆ ತಿರುಗಿದರು. ತಿರುಗಿದವರೇ ಹುಬ್ಬು ಗಂಟಿಕ್ಕಿದರು. ಅಂಗೈಯಿಂದ ಎಡಗಣ್ಣು ಮುಚ್ಚಿ ಹಳೆಯ ಕಣ್ಣಲ್ಲಿ ನೋಡಿದರು. ಬಲಗಣ್ಣು ಮುಚ್ಚಿ ಹೊಸ ಕಣ್ಣಲ್ಲಿ ನೋಡಿದರು. ಒಂದು ಸಲಕ್ಕೆ ಒಂದೇ, ಮೂರು ನಾಲ್ಕು ಸಲ. ಬಿಳಿ ಪುಟ ಹಾಕಿಸಿ ಮತ್ತೆ ನೋಡಿದರು.

"ಯಾವ ಕತ್ತೆನೇ ಇದಕ್ಕೆ ಇಷ್ಟು ನೀಲಿ ಸುರಿದಿರೋದು?" ಎಂದರು.

"ನೀವೇ ಮೇಷ್ಟ್ರೇ."

"ಕೊಟ್ರಮ್ಮಂದೂ ಹಿಂಗೇ ಐತಾ?"

"ಹನ್ನೊಂದು ಮನೇದೂ ಹಿಂಗೇ ಐತೆ," ಎಂದೆ.

ಬಾಗಿಲಲ್ಲಿದ್ದ ಕೊಟ್ರಮ್ಮ ತಡೆಯಲಾರದೆ ಗೊಳ್ಳೆಂದು ನಕ್ಕಳು. ಮೇಷ್ಟ್ರು ಮುಖವನ್ನು ಎರಡು ಕೈಯಲ್ಲಿ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. ಕಣ್ಣಿಗೆ ನೀರು ತಾಗಿಸಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದು ಗದರಿಸಿದೆ. ಕೈ ತೆಗೆದರು. ರಿಮೋಟು ಎತ್ತಿಕೊಂಡು, ಬಲಗಣ್ಣು ಮುಚ್ಚಿ, ನೀಲಿಯನ್ನು ಒಂದೊಂದೇ ಅಂಕಿ ಇಳಿಸತೊಡಗಿದರು. ಬಿಳಿ ಪುಟ ಮೆಲ್ಲಗೆ ಬಿಳಿಯಾಗುತ್ತಾ ಬಂತು. ಒಂದು ಕಡೆ ನಿಲ್ಲಿಸಿದರು. ರಿಮೋಟು ಕೆಳಗಿಡಲಿಲ್ಲ, ನನ್ನ ಕಡೆ ನೋಡಿದರು. ಒಂಬತ್ತು ವರ್ಷದಲ್ಲಿ ಅವರು ನನಗೆ ಬಣ್ಣ ಹೇಳಿಕೊಟ್ಟಿದ್ದರು, ಒಂದು ದಿನವೂ ಕೇಳಿರಲಿಲ್ಲ.

"ನೋಡವ್ವ ದೇವೀರಿ," ಎಂದರು. "ನಿನ್ನ ಕಣ್ಣಿಗೆ ಸರಿ ಐತಾ?"

ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತೆ. ತಲೆಯನ್ನು ಅವರ ಹಾಗೇ ಆ ಕಡೆ ಈ ಕಡೆ ವಾಲಿಸಿ, ಅವಸರ ಮಾಡದೆ ನೋಡಿದೆ.

"ಇನ್ನೊಂದು ಅಂಕಿ ಇಳಿಸ್ರಿ," ಎಂದೆ.

ಇಳಿಸಿದರು.